ನಗರ ಪ್ರವಾಸವೋ, ಕಡಲತೀರವೋ, ಚಾರಣವೋ: ರಜೆಯನ್ನು ಆರಿಸುವ ಮುನ್ನ

ಮೂರು ನಾಲ್ಕು ದಿನದ ರಜೆ ಸಿಕ್ಕಾಗ ಒಂದು ದೊಡ್ಡ ನಗರವನ್ನು ನೋಡಿ ಬರುವುದು ನಿಜಕ್ಕೂ ಖುಷಿ ಕೊಡುತ್ತದೆಯೇ, ಅಥವಾ ಅದೇ ದಿನಗಳನ್ನು ಕಡಲತೀರದಲ್ಲೋ ಬೆಟ್ಟದ ತಪ್ಪಲಿನಲ್ಲೋ ಕಳೆಯುವುದು ಲೇಸೇ ಎಂದು ಯಾರನ್ನು ಕೇಳಿದರೂ ಬರುವ ಉತ್ತರ ‘ಅದು ಅವರವರ ಅಭಿರುಚಿ’ ಎಂಬುದು. ಈ ಉತ್ತರ ತಪ್ಪೇನಲ್ಲ, ಆದರೆ ಟಿಕೆಟು ಕಾಯ್ದಿರಿಸಲು ಕುಳಿತವರಿಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ. ಒಂದೇ ಅಭಿರುಚಿಯ ಒಬ್ಬರೇ ವ್ಯಕ್ತಿ ಒಮ್ಮೆ ನಗರದಿಂದ ಹುರುಪಿನಿಂದ ಮರಳುವುದೂ, ಮತ್ತೊಮ್ಮೆ ಅಂಥದ್ದೇ ನಗರದಿಂದ ಕಾಲು ಸೋತು, ಮುಖ ಸಣ್ಣದು ಮಾಡಿಕೊಂಡು ಬರುವುದೂ ಉಂಟು. ಹಾಗಾದರೆ ವ್ಯತ್ಯಾಸ ಅಭಿರುಚಿಯಲ್ಲಿಲ್ಲ, ಇನ್ನೆಲ್ಲೋ ಇದೆ ಎಂದಾಯಿತು. ಹಲವು ಬಗೆಯ ರಜೆಗಳನ್ನು ಕಳೆದ ಮೇಲೆ ನನಗೆ ಕಂಡದ್ದಿಷ್ಟು: ರಜೆಗಳನ್ನು ಹೋಲಿಸುವಾಗ ಅಲ್ಲಿ ಏನೇನು ನೋಡಲು ಸಿಗುತ್ತದೆ ಎಂಬುದಕ್ಕಿಂತ, ದಿನವೊಂದಕ್ಕೆ ಎಷ್ಟು ನಿರ್ಧಾರಗಳನ್ನು ತೆಗೆದುಕೊಳ್ಳಬೇಕಾಗುತ್ತದೆ, ಅವನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು.

ಕಡಲತೀರಕ್ಕೆ ಹೋಗುವವರು ಒಂದೇ ಸಲ ನಿರ್ಧರಿಸುತ್ತಾರೆ: ಯಾವ ತೀರ, ಯಾವ ವಾರ, ಯಾವ ಕೋಣೆ. ಅಲ್ಲಿಗೆ ತಲುಪಿದ ಮೇಲೆ ನೀರಿಗಿಳಿಯುವುದೋ ನೆರಳಿನಲ್ಲೇ ಉಳಿಯುವುದೋ ಎಂಬಷ್ಟೇ ಆಯ್ಕೆ ಬಾಕಿಯಿರುತ್ತದೆ. ಚಾರಣದಲ್ಲಿ ದಾರಿಯೇ ದಿನವನ್ನು ರೂಪಿಸುತ್ತದೆ. ಕತ್ತಲಾಗುವುದರೊಳಗೆ ಮುಂದಿನ ತಂಗುದಾಣ ಸೇರಬೇಕು ಎಂಬುದನ್ನು ಬಿಟ್ಟರೆ ಬೇರೆ ಚರ್ಚೆಗೆ ಅಲ್ಲಿ ಎಡೆಯಿಲ್ಲ. ಹಡಗಿನ ಪ್ರವಾಸದಲ್ಲಿಯೂ ಪ್ಯಾಕೇಜ್ ಟೂರಿನಲ್ಲಿಯೂ ನಿರ್ಧಾರಗಳು ಇದ್ದೇ ಇರುತ್ತವೆ, ಆದರೆ ಅವನ್ನು ಬೇರೆಯವರು ತಿಂಗಳುಗಳ ಹಿಂದೆಯೇ ಮಾಡಿ ಮುಗಿಸಿರುತ್ತಾರೆ. ನಗರದಲ್ಲಿ ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ಪ್ರತಿ ಗಂಟೆಯೂ ಹೊಸದೊಂದು ಪ್ರಶ್ನೆಯನ್ನು ಮುಂದಿಡುತ್ತದೆ: ಮೆಟ್ರೊ ಹತ್ತುವುದೋ ನಡೆಯುವುದೋ, ಈ ಸಾಲಿನಲ್ಲಿ ನಿಲ್ಲುವುದೋ ನಾಳೆ ಬರುವುದೋ, ಇಲ್ಲಿ ಉಣ್ಣುವುದೋ ಇನ್ನೂ ಎರಡು ಬೀದಿ ಮುಂದೆ ಹೋಗುವುದೋ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಗುರುತಿಲ್ಲದ ಚೌಕವೊಂದರ ಮೂಲೆಯಲ್ಲಿ ಇಬ್ಬರು ಪ್ರವಾಸಿಗರು ನಿಂತಿರುವುದನ್ನು ಊಹಿಸಿಕೊಳ್ಳಿ. ಒಬ್ಬರ ಕೈಯಲ್ಲಿರುವ ಫೋನಿನ ಬ್ಯಾಟರಿ ಶೇಕಡಾ 18ಕ್ಕೆ ಇಳಿದಿದೆ, ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ನಕ್ಷೆಯ ನೀಲಿ ಚುಕ್ಕೆ ಈ ಬೀದಿಯಿಂದ ಆ ಬೀದಿಗೆ ನೆಗೆಯುತ್ತಿದೆ, ‘ನಿನಗೆ ಹೇಗೆ ಇಷ್ಟವೋ ಹಾಗೇ ಮಾಡೋಣ’ ಎಂದು ಇಬ್ಬರೂ ಮೂರನೆಯ ಸಲ ಹೇಳಿದ್ದಾರೆ, ಮತ್ತು ಆ ಮಾತಿನಲ್ಲಿ ಔದಾರ್ಯಕ್ಕಿಂತ ಸಿಡುಕೇ ಹೆಚ್ಚಾಗಿದೆ. ನಗರ ಪ್ರವಾಸ ಹಿಡಿಸಲಿಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಹಿಡಿಸದೆ ಹೋದದ್ದು ನಗರವಲ್ಲ, ಈ ಮೂಲೆ.

ನಿರ್ಧಾರಗಳನ್ನು ಬೇರೆಯವರಿಗೆ ಒಪ್ಪಿಸುವುದು ಹಳೆಯ ಉಪಾಯ. 1841ರ ಜುಲೈ 5ರಂದು ಥಾಮಸ್ ಕುಕ್ ಸುಮಾರು 500 ಜನರನ್ನು ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೊಗೆ ರೈಲಿನಲ್ಲಿ ಕರೆದೊಯ್ದಾಗ, ಪ್ರಯಾಣಿಕರು ಹೊತ್ತಿಗೆ ಸರಿಯಾಗಿ ಬಂದು ಕೂರುವುದೊಂದೇ ಅವರ ಪಾಲಿನ ಕೆಲಸವಾಗಿತ್ತು. ಎರಡು ಮೂರು ರಾತ್ರಿಯ ನಗರ ಪ್ರವಾಸ ಇಷ್ಟೊಂದು ರೂಢಿಗೆ ಬಂದದ್ದು ಅದಕ್ಕಿಂತ ತೀರ ಈಚೆಗೆ. 1994ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಡುವೆ ಯೂರೋಸ್ಟಾರ್ ರೈಲು ಓಡತೊಡಗಿದ್ದು, ಅದೇ ದಶಕದಲ್ಲಿ ಯೂರೋಪಿನ ವಿಮಾನ ಮಾರ್ಗಗಳ ಮೇಲಿನ ನಿರ್ಬಂಧಗಳು ಸಡಿಲಗೊಂಡು ಅಗ್ಗದ ವಿಮಾನಗಳು ಹೆಚ್ಚಿದ್ದು, ಇವೆಲ್ಲ ಸೇರಿ ಶುಕ್ರವಾರ ಹೊರಟು ಸೋಮವಾರ ಮರಳುವ ಅಭ್ಯಾಸವನ್ನು ಬೆಳೆಸಿದವು. ಅಂದರೆ ನಗರ ಪ್ರವಾಸವೆಂಬುದು ಹುಟ್ಟಿನಿಂದಲೇ ತುಂಡು ರಜೆಗೆ ಹೊಂದುವಂಥದ್ದು, ಮತ್ತು ಅದರ ಗುಣದೋಷಗಳೆರಡೂ ಈ ತುಂಡುತನದಿಂದಲೇ ಬಂದಿವೆ.

ದಣಿವಿನ ಲೆಕ್ಕ

ಸಂಗ್ರಹಾಲಯಗಳಲ್ಲಿ ಆಗುವ ದಣಿವಿಗೆ ನೂರು ವರ್ಷಕ್ಕೂ ಹಿಂದೆಯೇ ಹೆಸರಿಡಲಾಗಿದೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪ್ರದರ್ಶನದ ಪೆಟ್ಟಿಗೆಗಳೊಳಗಿನ ವಸ್ತುಗಳನ್ನು ಸರಿಯಾಗಿ ನೋಡಲು ಒಬ್ಬ ಮನುಷ್ಯ ಹೇಗೆಲ್ಲ ಬಾಗಬೇಕು, ಕುಕ್ಕರಿಸಬೇಕು, ಕುತ್ತಿಗೆ ತಿರುಚಬೇಕು ಎಂಬುದನ್ನು ಛಾಯಾಚಿತ್ರಗಳ ಮೂಲಕವೇ ತೋರಿಸಿದ್ದರು. ನಿಧಾನವಾಗಿ ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ಎರಡು ಹೆಜ್ಜೆ ಇಡುವುದು, ಹೀಗೆ ಎರಡು ಗಂಟೆ ಕಳೆದರೆ ಬಯಲಿನಲ್ಲಿ ಎರಡು ಗಂಟೆ ನಡೆದದ್ದಕ್ಕಿಂತ ಹೆಚ್ಚು ಕಾಲು ನೋಯುತ್ತದೆ. ಅದರೊಡನೆ ಮನಸ್ಸೂ ದಣಿಯುತ್ತದೆ. ಪ್ಯಾರಿಸಿನ ಲೂವ್ರ್‌ನಲ್ಲಿ ಪ್ರದರ್ಶನಕ್ಕಿರುವ ಕೃತಿಗಳೇ ಸುಮಾರು 35,000. ಅಲ್ಲಿಯ ಮೋನಾ ಲಿಸಾ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ಗಾಜಿನ ಹಿಂದಿರುವ ಆ ಪುಟ್ಟ ಹಲಗೆಯ ಕಡೆಗೆ ಎತ್ತಿದ ಫೋನುಗಳ ಕಾಡೇ ಎದ್ದಿರುತ್ತದೆ. ಅದೇ ಕೋಣೆಯ ಎದುರು ಗೋಡೆಯಲ್ಲಿ ವೆರೊನೀಸ್ ಬಿಡಿಸಿದ ಕಾನಾ ಊರಿನ ಮದುವೆಯ ಚಿತ್ರವಿದೆ, ಹತ್ತಿರ ಹತ್ತಿರ 10 ಮೀಟರ್ ಅಗಲ, ಲೂವ್ರ್‌ನ ಅತಿ ದೊಡ್ಡ ವರ್ಣಚಿತ್ರ. ಕೋಣೆಯಲ್ಲಿರುವ ಜನರಲ್ಲಿ ಬಹುಪಾಲು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ದಣಿದ ಕಣ್ಣು ತಾನು ಮೊದಲೇ ಕೇಳಿದ್ದನ್ನು ಗುರುತು ಹಿಡಿದು ಮುಂದೆ ಸಾಗುತ್ತದೆಯೇ ಹೊರತು ಹೊಸದನ್ನು ಕಾಣುವ ಗೋಜಿಗೆ ಹೋಗುವುದಿಲ್ಲ.

ಇನ್ನೊಂದು ದಣಿವು ಹಾಸಿಗೆಯಲ್ಲಿದೆ. ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದಕ್ಕೊಂದು ಕಾರಣವನ್ನು ತೋರಿಸಿಕೊಟ್ಟರು: ಆ ಮೊದಲ ರಾತ್ರಿ ಮಿದುಳಿನ ಒಂದು ಅರ್ಧ ಇನ್ನೊಂದರಷ್ಟು ಆಳವಾಗಿ ಮಲಗದೆ, ಹೊರಗಿನ ಸದ್ದಿಗೆ ಕಿವಿಗೊಟ್ಟು ಕಾವಲಿರುತ್ತದೆ. ಇದನ್ನು ರಜೆಯ ಲೆಕ್ಕಕ್ಕೆ ಹಿಡಿದರೆ ಎರಡು ರಾತ್ರಿಯ ನಗರ ಪ್ರವಾಸದಲ್ಲಿ ಅರ್ಧ ನಿದ್ದೆ ಕಾವಲಿನಲ್ಲೇ ಕಳೆಯುತ್ತದೆ, ನಾಲ್ಕು ರಾತ್ರಿಯ ಪ್ರವಾಸದಲ್ಲಿ ಕಾಲು ಭಾಗ ಮಾತ್ರ. ಐದಾರು ದಿನದಲ್ಲಿ ನಾಲ್ಕು ನಗರಗಳನ್ನು ಸುತ್ತಿಸುವ ಯೋಜನೆಗಳಲ್ಲಿ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ ಆಗಿಬಿಡುವ ಅಪಾಯವಿದೆ, ಮತ್ತು ಅಂಥ ಯೋಜನೆಗಳ ಬಗ್ಗೆ ನನಗೆ ಸ್ವಲ್ಪವೂ ಒಲವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಮಾನದಲ್ಲಿ ಹಲವು ಕಾಲವಲಯಗಳನ್ನು ದಾಟಿದ್ದರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ದೇಹದ ಗಡಿಯಾರ ಸರಿಸುಮಾರು ದಿನಕ್ಕೆ ಒಂದು ಗಂಟೆಯಂತೆ ಹೊಂದಿಕೊಳ್ಳುವುದರಿಂದ, ಐದು ಗಂಟೆ ವ್ಯತ್ಯಾಸವಿರುವ ನಗರಕ್ಕೆ ಮೂರು ದಿನಕ್ಕೆಂದು ಹೋದವರು ಹೊಂದಿಕೊಳ್ಳುವ ಮೊದಲೇ ಮರಳಿ ಹೊರಟಿರುತ್ತಾರೆ.

ವಿಶ್ರಾಂತಿಯೇ ಗುರಿಯಾಗಿದ್ದರೆ, ಆದ್ದರಿಂದ, ಕಡಲತೀರವೋ ಬೆಟ್ಟದ ಮನೆಯೋ ಹೆಚ್ಚು ಸೂಕ್ತವೆಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳಬಹುದು, ಆದರೆ ಅದಕ್ಕೆ ದಿನಗಳು ಬೇಕು. ನೆದರ್ಲೆಂಡ್ಸಿನ ಸಂಶೋಧಕರು 54 ಉದ್ಯೋಗಿಗಳನ್ನು ಅವರ ದೀರ್ಘ ರಜೆಯುದ್ದಕ್ಕೂ ವಿಚಾರಿಸುತ್ತ ಹೋದಾಗ, ಅವರ ನೆಮ್ಮದಿ ಮೊದಲ ದಿನಗಳಲ್ಲಿ ಏರುತ್ತ ಹೋಗಿ ಎಂಟನೆಯ ದಿನದ ಹೊತ್ತಿಗೆ ತುದಿ ಮುಟ್ಟಿತ್ತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಹಿಂದಿನ ಮಟ್ಟಕ್ಕೆ ಇಳಿದಿತ್ತು. ಇದರ ಮೊದಲ ಅರ್ಧ ದೀರ್ಘ ರಜೆಯ ಪರವಾಗಿದ್ದರೆ, ಎರಡನೆಯ ಅರ್ಧ ಸಣ್ಣ ರಜೆಯ ಪರವಾಗಿದೆ. ಎಷ್ಟೇ ದಿನ ಹೋಗಿಬಂದರೂ ವಾರದೊಳಗೆ ಎಲ್ಲವೂ ಕರಗುವುದಾದರೆ, ವರ್ಷಕ್ಕೊಂದು ದೊಡ್ಡ ರಜೆಗಿಂತ ಆಗಾಗ ನಾಲ್ಕು ದಿನ ಹೊರಹೋಗುವುದರಲ್ಲಿ ಅರ್ಥವಿದೆ. ಮತ್ತು ನಾಲ್ಕು ದಿನದಲ್ಲಿ ಕಡಲತೀರ ತನ್ನ ಪೂರ್ಣ ಫಲವನ್ನು ಕೊಡಲಾರದು, ನಗರ ಕೊಡಬಲ್ಲದು. ತೀರದಲ್ಲಿ ಮೊದಲೆರಡು ದಿನ ಮನಸ್ಸು ಇನ್ನೂ ಕಚೇರಿಯ ಮೇಜಿನ ಬಳಿಯೇ ಸುಳಿಯುತ್ತಿರುತ್ತದೆ. ನಗರವೋ, ರಸ್ತೆ ದಾಟುವಾಗ ವಾಹನಗಳು ಯಾವ ದಿಕ್ಕಿನಿಂದ ಬರುತ್ತವೆ ಎಂಬಲ್ಲಿಂದ ಹಿಡಿದು ಎಲ್ಲಕ್ಕೂ ಗಮನವನ್ನು ಕೇಳುವುದರಿಂದ, ಕಚೇರಿಯನ್ನು ಮೊದಲ ಮಧ್ಯಾಹ್ನವೇ ತಲೆಯಿಂದ ಹೊರಗೆ ತಳ್ಳುತ್ತದೆ. ಅದು ವಿಶ್ರಾಂತಿಯಲ್ಲ, ಮರೆವು. ಕೆಲವರಿಗೆ, ಕೆಲವು ಸಲ, ಬೇಕಾಗಿರುವುದು ಅದೇ.

ಚಾರಣದ ದಣಿವು ಇವೆರಡಕ್ಕಿಂತ ಬೇರೆ. ಅಲ್ಲಿ ದೇಹ ಸೋಲುತ್ತದೆ, ಮನಸ್ಸು ಬಿಡುವಾಗಿರುತ್ತದೆ, ರಾತ್ರಿ ನಿದ್ದೆ ಕರೆಯದೆಯೇ ಬರುತ್ತದೆ. ಆದರೆ ಎತ್ತರದ ಪರ್ವತಗಳು ನಮ್ಮ ರಜೆಯ ಪಟ್ಟಿಯನ್ನು ಕೇಳಿ ನಡೆಯುವುದಿಲ್ಲ. 3,000 ಮೀಟರಿಗಿಂತ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂಬುದು ವೈದ್ಯರು ಹೇಳುವ ನಿಯಮ. 5,364 ಮೀಟರ್ ಎತ್ತರದಲ್ಲಿರುವ ಎವರೆಸ್ಟ್ ಬೇಸ್ ಕ್ಯಾಂಪಿಗೆ ನಡೆದು ಹೋಗಿಬರಲು ಸುಮಾರು ಎರಡು ವಾರ ಹಿಡಿಯುವುದಕ್ಕೆ ದಾರಿಯ ಉದ್ದಕ್ಕಿಂತ ಈ ನಿಯಮವೇ ದೊಡ್ಡ ಕಾರಣ. ನಾಲ್ಕು ದಿನದ ರಜೆಯಲ್ಲಿ ಇಂಥದ್ದನ್ನು ತುರುಕಲು ಹೋಗುವುದು ಜೀವಕ್ಕೆ ಅಪಾಯ. ಕಡಿಮೆ ಎತ್ತರದ ಬೆಟ್ಟಗಳಿಗೆ ಈ ತೊಡಕಿಲ್ಲ.

ಮಳೆ ಬಂದರೆ

ಹೋಲಿಕೆಯಲ್ಲಿ ಹೆಚ್ಚಿನವರು ಮರೆಯುವ ಅಂಶ ಹವಾಮಾನ. ಕಡಲತೀರದ ರಜೆಯೆಂಬುದು ಒಂದೇ ಕುದುರೆಯ ಮೇಲೆ ಕಟ್ಟಿದ ಬಾಜಿ. ಬಿಸಿಲು ಬಂದರೆ ಎಲ್ಲವೂ ಸರಿ, ನಾಲ್ಕು ದಿನ ಜಡಿಮಳೆ ಹಿಡಿದರೆ ಕೋಣೆಯ ಕಿಟಕಿಯೊಂದೇ ಗತಿ. ವನ್ಯಜೀವಿ ಸಫಾರಿಯ ಬಾಜಿಯಂತೂ ಇನ್ನೂ ಇಕ್ಕಟ್ಟಿನದು: ಪ್ರಾಣಿಗಳು ಓಡಾಡುವುದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಸಂಜೆಯಲ್ಲಿ, ಉಳಿದ ಹೊತ್ತೆಲ್ಲ ಕಾಯುವುದೇ ಕೆಲಸ, ಕಾದರೂ ಕಂಡೇ ಕಾಣುತ್ತವೆ ಎಂಬ ಭರವಸೆಯಿಲ್ಲ. ನಗರಕ್ಕೆ ಮಾತ್ರ ಮೇಲೆ ಚಾವಣಿಯಿದೆ.

ಕೆಲವು ನಗರಗಳಲ್ಲಿ ಮಳೆಯೇ ನೋಟವನ್ನು ಹೆಚ್ಚಿಸುತ್ತದೆ. ರೋಮಿನ ಪ್ಯಾಂಥಿಯನ್ ಕಟ್ಟಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು, ಎಂದರೆ ಕ್ರಿ.ಶ. ಎರಡನೆಯ ಶತಮಾನದ್ದು. ಅದರ ಗುಮ್ಮಟದ ವ್ಯಾಸ ಸುಮಾರು 43 ಮೀಟರ್, ನೆಲದಿಂದ ನೆತ್ತಿಯವರೆಗಿನ ಎತ್ತರವೂ ಅಷ್ಟೇ, ಮತ್ತು ಆ ನೆತ್ತಿಯಲ್ಲಿ ಬಾಗಿಲೂ ಗಾಜೂ ಇಲ್ಲದ ಒಂದು ದೊಡ್ಡ ದುಂಡು ತೆರಪು. ಮಳೆ ಸುರಿದಾಗ ನೀರು ಆ ತೆರಪಿನಿಂದ ನೇರವಾಗಿ ಒಳಗೆ ಬೀಳುತ್ತದೆ. ಕಾವಲಿನವರು ನಡುವಿನ ಜಾಗಕ್ಕೆ ಯಾರೂ ಹೋಗದಂತೆ ಹಗ್ಗ ಕಟ್ಟುತ್ತಾರೆ, ಜನ ಗೋಡೆಯ ಬದಿಗೆ ಸರಿದು ದುಂಡಾಗಿ ನಿಲ್ಲುತ್ತಾರೆ, ಬಿದ್ದ ನೀರು ಅಮೃತಶಿಲೆಯ ನೆಲದ ಸಣ್ಣ ತಗ್ಗನ್ನು ಅನುಸರಿಸಿ ಹರಿದು ಅಲ್ಲಿ ಕೊರೆದಿರುವ ಪುಟ್ಟ ತೂತುಗಳಲ್ಲಿ ಇಳಿದುಹೋಗುತ್ತದೆ. ಸುಮಾರು 1,900 ವರ್ಷದಿಂದ ಹೀಗೇ ನಡೆದಿದೆ. ಬಿಸಿಲಿನ ದಿನ ಬಂದವರಿಗೆ ಆ ತೂತುಗಳು ಕಣ್ಣಿಗೇ ಬೀಳುವುದಿಲ್ಲ.

ಸೆಕೆಯ ವಿಷಯದಲ್ಲಿ ಮಾತ್ರ ನಗರ ಸೋಲುತ್ತದೆ. ಹಗಲೆಲ್ಲ ಕಾದ ಕಲ್ಲು ಮತ್ತು ಡಾಂಬರು ರಾತ್ರಿಯಲ್ಲಿಯೂ ಬಿಸಿಯನ್ನು ಬಿಡುತ್ತಲೇ ಇರುವುದರಿಂದ, ಕಡು ಬೇಸಿಗೆಯ ನಗರದಲ್ಲಿ ಸಂಜೆಯೂ ತಂಪಾಗುವುದಿಲ್ಲ. ಜುಲೈ ತಿಂಗಳ ದುಬೈಯಲ್ಲಿ ಹಗಲಿನ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಆಗ ನಗರ ನೋಡುವುದೆಂದರೆ ಒಂದು ಹವಾನಿಯಂತ್ರಿತ ಕಟ್ಟಡದಿಂದ ಇನ್ನೊಂದಕ್ಕೆ ಓಡುವುದಷ್ಟೇ.

ಜೊತೆಗಾರರು

ಒಬ್ಬರೇ ಹೋಗುವವರಿಗೆ ನಗರಕ್ಕಿಂತ ಹಿತವಾದ ರಜೆ ಕಡಿಮೆ. ತೀರದ ವಿಹಾರಧಾಮಗಳು ಜೋಡಿಗಳಿಗಾಗಿಯೂ ಕುಟುಂಬಗಳಿಗಾಗಿಯೂ ಕಟ್ಟಿದಂಥವು, ಅಲ್ಲಿ ಊಟದ ಮೇಜಿನಲ್ಲಿ ಒಂಟಿಯಾಗಿ ಕುಳಿತವರ ಕಡೆಗೆ ಕಣ್ಣುಗಳು ತಿರುಗುತ್ತವೆ. ದೂರದ ಚಾರಣಕ್ಕೆ ಒಬ್ಬರೇ ಹೋಗುವುದು ಸುರಕ್ಷಿತವಲ್ಲ. ನಗರದಲ್ಲಿ ಒಂಟಿಯಾಗಿರುವವರೇ ಹೆಚ್ಚಾದ್ದರಿಂದ ಯಾರೂ ಗಮನಿಸುವುದಿಲ್ಲ, ಮತ್ತು ಮೇಲೆ ಹೇಳಿದ ಚೌಕದ ಮೂಲೆಯ ಚರ್ಚೆಯೂ ಇರುವುದಿಲ್ಲ, ಏಕೆಂದರೆ ತಪ್ಪು ದಾರಿ ಹಿಡಿದರೆ ದೂರುವವರು ಜೊತೆಗಿಲ್ಲ.

ಅಭಿರುಚಿಯಲ್ಲಿ ಒಬ್ಬರಿಗೊಬ್ಬರು ಹೊಂದದ ಗೆಳೆಯರಿಗೂ ನಗರ ಅನುಕೂಲವೇ, ಆದರೆ ಒಂದು ಷರತ್ತಿನ ಮೇಲೆ: ಬೆಳಗ್ಗೆ ಬೇರೆಯಾಗಿ ಸಂಜೆ ಸೇರುವುದಕ್ಕೆ ಯಾರೂ ಮುನಿಸಿಕೊಳ್ಳಬಾರದು. ಒಬ್ಬರು ಸಂಗ್ರಹಾಲಯದಲ್ಲಿದ್ದು, ಇನ್ನೊಬ್ಬರು ಕ್ರೀಡಾಂಗಣಕ್ಕೆ ಹೋಗಿ, ಮತ್ತೊಬ್ಬರು ಉದ್ಯಾನದ ಬೆಂಚಿನಲ್ಲಿ ನಿದ್ದೆ ಮಾಡಿ ಬಂದರೆ ರಾತ್ರಿಯ ಊಟಕ್ಕೆ ಹೇಳಿಕೊಳ್ಳಲು ಮೂರು ದಿನಗಳಿರುತ್ತವೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ನಾನು ನಗರವನ್ನು ಸೂಚಿಸಲಾರೆ. ಐದು ವರ್ಷದ ಮಗುವಿಗೆ ಮರಳಿನ ರಾಶಿಯೊಂದು ಇಡೀ ದಿನಕ್ಕೆ ಸಾಕು. ಅದೇ ಮಗುವಿಗೆ ಮುಖ್ಯ ದೇವಾಲಯವೂ ಮೆಟ್ರೊದ ಎಸ್ಕಲೇಟರೂ ಒಂದೇ ದರ್ಜೆಯ ಸೋಜಿಗಗಳು, ಅದರಲ್ಲೂ ಎಸ್ಕಲೇಟರಿಗೇ ಒಂದು ಅಂಕ ಹೆಚ್ಚು. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ಹಳೆಯ ನಗರಗಳ ಕಲ್ಲುಹಾಸಿನ ಏರಿಳಿತವನ್ನೂ, ಲಿಫ್ಟ್ ಇಲ್ಲದ ಮೆಟ್ರೊ ನಿಲ್ದಾಣಗಳನ್ನೂ ಮೊದಲೇ ವಿಚಾರಿಸಬೇಕು. ಅವರಿಗೆ ಹಡಗಿನ ಪ್ರವಾಸ ಎಷ್ಟೋ ವಾಸಿ, ಏಕೆಂದರೆ ಕೋಣೆ ಬದಲಿಸದೆ, ಪೆಟ್ಟಿಗೆ ಹೊರದೆ ಊರುಗಳು ತಾವಾಗಿಯೇ ಕಿಟಕಿಯ ಬಳಿಗೆ ಬರುತ್ತವೆ.

ಹಡಗಿನಿಂದ ಇಳಿದು ನೋಡುವ ನಗರ ಮಾತ್ರ ನಗರ ಪ್ರವಾಸವಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಬೆಳಗ್ಗೆ ಇಳಿದು ಸಂಜೆಯೊಳಗೆ ಮತ್ತೆ ಹತ್ತುವವರು ನಗರ ಅತಿ ಹೆಚ್ಚು ಕಿಕ್ಕಿರಿದಿರುವ ಏಳೆಂಟು ಗಂಟೆಗಳನ್ನಷ್ಟೇ ಕಾಣುತ್ತಾರೆ. ವೆನಿಸ್ ಇದಕ್ಕೆ ತಕ್ಕ ಉದಾಹರಣೆ. ದೊಡ್ಡ ಹಡಗುಗಳು ಅಲ್ಲಿಯ ಜುಡೆಕಾ ಕಾಲುವೆಯ ಮೂಲಕ ಹಾದುಹೋಗುವುದನ್ನು 2021ರ ಆಗಸ್ಟಿನಿಂದ ನಿಷೇಧಿಸಲಾಯಿತು. 2024ರಿಂದ ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ, ರಾತ್ರಿ ತಂಗದೆ ಹಗಲಿನಲ್ಲಿ ಮಾತ್ರ ಬಂದುಹೋಗುವವರಿಗೆ ಪ್ರವೇಶ ಶುಲ್ಕವನ್ನೂ ಹಾಕಲಾಗಿದೆ. ಆ ಊರಿನಲ್ಲಿ ಒಂದು ರಾತ್ರಿ ಉಳಿದವರಿಗೆ ಮಾತ್ರ ಹಗಲಿನ ಜನ ಹಿಂದಿರುಗಿದ ಮೇಲಿನ ವೆನಿಸ್, ಗೋಡೆಗೆ ನೀರು ತಾಗುವ ಸದ್ದು ಕೇಳಿಸುವ ವೆನಿಸ್ ಸಿಗುತ್ತದೆ.

ನಗರವನ್ನೇ ಆರಿಸಿಕೊಂಡರೆ

ಮೊದಲು ನೋಡಬೇಕಾದದ್ದು ವಾರದ ರಜಾದಿನಗಳನ್ನು. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಅದೇ ಪ್ಯಾರಿಸಿನ ಓರ್ಸೆ ಸಂಗ್ರಹಾಲಯ ಸೋಮವಾರ. ಫ್ಲಾರೆನ್ಸಿನ ಉಫಿಝಿಗೆ ಸೋಮವಾರ ರಜೆ, ವ್ಯಾಟಿಕನ್ ಸಂಗ್ರಹಾಲಯಗಳಿಗೆ ತಿಂಗಳ ಕೊನೆಯ ಭಾನುವಾರವೊಂದನ್ನು ಬಿಟ್ಟು ಉಳಿದ ಭಾನುವಾರಗಳು ರಜೆ. ಶನಿವಾರ ಬಂದು ಸೋಮವಾರ ಮರಳುವ ಪ್ರವಾಸಕ್ಕೆ ಇದು ಸಣ್ಣ ವಿಷಯವೇನಲ್ಲ. ಎರಡನೆಯದು ನಗರದ ಹಬ್ಬಗಳು. 1947ರಲ್ಲಿ ಆರಂಭವಾದ ಎಡಿನ್‌ಬರೊ ಉತ್ಸವದಿಂದಾಗಿ ಆಗಸ್ಟ್ ತಿಂಗಳಲ್ಲಿ ಆ ನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾಟಕ, ಸಂಗೀತಕ್ಕೆಂದೇ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ, ಊರನ್ನು ನೋಡಲು ಹೋಗುವವರಿಗೆ ಅದಕ್ಕಿಂತ ಕೆಟ್ಟ ತಿಂಗಳಿಲ್ಲ.

ಉಳಿದುಕೊಳ್ಳುವ ಜಾಗವನ್ನು ಕೋಣೆಯ ಅಂದಕ್ಕಿಂತ ನೆಲೆಯನ್ನು ನೋಡಿ ಆರಿಸಬೇಕು. ಊರಿನ ಹೊರವಲಯದ ದೊಡ್ಡ ಕೋಣೆಗಿಂತ ನಡುವಿನ ಚಿಕ್ಕ ಕೋಣೆ ವಾಸಿ, ಏಕೆಂದರೆ ನಗರ ಪ್ರವಾಸದಲ್ಲಿ ಮಧ್ಯಾಹ್ನ ಮೂರಕ್ಕೆ ಮರಳಿ ಒಂದು ಗಂಟೆ ಕಾಲು ಚಾಚಿ ಮಲಗಲು ಆಗುವುದೋ ಇಲ್ಲವೋ ಎಂಬುದರ ಮೇಲೆ ಸಂಜೆಯ ಗತಿ ನಿಂತಿರುತ್ತದೆ. ನಿರ್ಧಾರಗಳ ಹೊರೆಯನ್ನು ಇಳಿಸುವ ಉಪಾಯವೂ ಇದರಷ್ಟೇ ಸರಳ: ದಿನಕ್ಕೆ ಒಂದೇ ಒಂದು ಜಾಗವನ್ನು ಮನೆಯಲ್ಲಿರುವಾಗಲೇ ಗೊತ್ತುಮಾಡಿ, ಅದಕ್ಕೆ ಬೆಳಗಿನ ಹೊತ್ತಿನ ಟಿಕೆಟು ತೆಗೆದಿಟ್ಟು, ಉಳಿದದ್ದಕ್ಕೆ ಯಾವ ಪಟ್ಟಿಯನ್ನೂ ಮಾಡದಿರುವುದು. ಕಾಲು ಸೋತಾಗ ನಗರದ ಸಾಮಾನ್ಯ ರೈಲನ್ನೋ ಟ್ರಾಮನ್ನೋ ಹತ್ತಿ ಕಿಟಕಿಯ ಬಳಿ ಕುಳಿತುಬಿಡಬಹುದು. ಟೋಕಿಯೊದ ಯಮನೋತೆ ಮಾರ್ಗ 34.5 ಕಿಲೋಮೀಟರಿನ ಉಂಗುರ, ಅದರಲ್ಲಿ 30 ನಿಲ್ದಾಣಗಳು. ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಹತ್ತಿದಲ್ಲೇ ಇಳಿಯುವ ಆ ಒಂದು ಗಂಟೆಯಲ್ಲಿ ಯಾವ ತಿರುವನ್ನೂ ಆರಿಸಬೇಕಾಗಿಲ್ಲ, ಆದರೂ ಇಡೀ ನಗರ ಕಣ್ಣೆದುರು ಹಾದುಹೋಗುತ್ತದೆ.

ರಜೆಯ ಖುಷಿಯಲ್ಲಿ ಹೊರಡುವ ಮುನ್ನಿನ ದಿನಗಳದ್ದೂ ದೊಡ್ಡ ಪಾಲಿದೆ. 2010ರಲ್ಲಿ ಪ್ರಕಟವಾದ, ನೆದರ್ಲೆಂಡ್ಸಿನ 1,530 ವಯಸ್ಕರ ಅಧ್ಯಯನವೊಂದರಲ್ಲಿ ರಜೆಗೆ ಹೋಗಲಿದ್ದವರು ಹೋಗದವರಿಗಿಂತ ಹೆಚ್ಚು ಸಂತೋಷದಿಂದಿದ್ದರು. ಮರಳಿ ಬಂದ ಮೇಲೆ, ತುಂಬಾ ನೆಮ್ಮದಿಯ ರಜೆ ಕಳೆದೆವು ಎಂದವರನ್ನು ಬಿಟ್ಟರೆ, ಇಬ್ಬರ ನಡುವೆ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಎದುರುನೋಡುವ ಈ ಸುಖದಲ್ಲಿ ನಗರಕ್ಕೆ ಸಾಟಿಯಿಲ್ಲ. ತೀರದ ಬಗ್ಗೆ ಮುಂಚಿತವಾಗಿ ಓದುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ನಗರದ ಬಗ್ಗೆ ಒಂದು ಬೀದಿಯ ಚರಿತ್ರೆಯನ್ನೇ ವಾರಗಟ್ಟಲೆ ಓದಬಹುದು, ಓದಿ ಹೋದವರಿಗೆ ಆ ಬೀದಿ ದುಪ್ಪಟ್ಟು ಕಾಣುತ್ತದೆ.

ಒಟ್ಟು ಮೂರು ರಾತ್ರಿಗಿಂತ ಕಡಿಮೆ ರಜೆಯಿದ್ದು, ಪ್ರಯಾಣಕ್ಕೇ ಅರ್ಧ ದಿನ ಹೋಗುವುದಾದರೆ ನಾನು ದೂರದ ನಗರವನ್ನು ಕೈಬಿಡುತ್ತೇನೆ. ಮೂರರಿಂದ ಐದು ರಾತ್ರಿಯಿದ್ದರೆ ಬೇರೆಲ್ಲಕ್ಕಿಂತ ಮೊದಲು ಒಂದೇ ಒಂದು ನಗರವನ್ನು ಪರಿಗಣಿಸುತ್ತೇನೆ. ಎಂಟು ಹತ್ತು ದಿನಗಳಿದ್ದರೆ ಎರಡನ್ನೂ ಬೆಸೆಯಬಹುದು, ಆಗ ಕ್ರಮ ಮುಖ್ಯ: ನಗರ ಮೊದಲು, ತೀರವೋ ಬೆಟ್ಟವೋ ಆಮೇಲೆ. ತೀರದಲ್ಲಿ ನಾಲ್ಕು ದಿನ ಮೈ ಸಡಿಲಬಿಟ್ಟವರು ಐದನೆಯ ದಿನ ಸಂಗ್ರಹಾಲಯದ ಸಾಲಿನಲ್ಲಿ ನಿಲ್ಲಲಾರರು, ಆದರೆ ನಗರದಲ್ಲಿ ನಾಲ್ಕು ದಿನ ನಡೆದವರಿಗೆ ಮರಳಿನ ಮೇಲೆ ಸುಮ್ಮನೆ ಬಿದ್ದುಕೊಳ್ಳುವುದಕ್ಕೆ ಯಾರ ಒತ್ತಾಯವೂ ಬೇಕಾಗುವುದಿಲ್ಲ. ಮರಳುವ ವಿಮಾನ ಮತ್ತೆ ಅದೇ ನಗರದಿಂದ ಮುಂಜಾನೆ ಹೊರಡುವುದಿದ್ದರೆ, ಕೊನೆಯ ರಾತ್ರಿಯನ್ನು ಅಲ್ಲಿಯೇ, ವಿಮಾನ ನಿಲ್ದಾಣಕ್ಕೆ ನೇರ ರೈಲು ಸಿಗುವ ಕಡೆ ಕಳೆಯುವುದು ಕ್ಷೇಮ; ಆ ಸಂಜೆಗೆ ಹೊಸದಾಗಿ ಏನನ್ನೂ ಇಟ್ಟುಕೊಳ್ಳದೆ, ಮೊದಲ ದಿನ ಅವಸರದಲ್ಲಿ ದಾಟಿ ಹೋಗಿದ್ದ ಯಾವುದಾದರೂ ಸೇತುವೆಯ ಮೇಲೆ ಇನ್ನೊಮ್ಮೆ ನಿಧಾನವಾಗಿ ನಡೆದು ಬರಬಹುದು.